ಊಟದ ಮೇಜಿನ ಮೇಲಿನ ಕಟಕಟಿ

ಆ ಮನೆಯಲ್ಲಿ ಇದ್ದದ್ದು ಒಂದೇ ಮೇಜು. ಬೆಳಿಗ್ಗೆ ನಾಲ್ವರೂ ಅದರ ಮೇಲೆ ತಿಂಡಿ ಮುಗಿಸಿ ಎದ್ದರೆ, ಟೈಲರಮ್ಮ ಒದ್ದೆ ಬಟ್ಟೆಯಲ್ಲಿ ಒಮ್ಮೆ, ಒಣ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ, ಶಾಲೆ ಮಕ್ಕಳ ಅಂಗಿಯ ಬಟ್ಟೆ ಹಾಸಿ ಕತ್ತರಿಸಲು ನಿಲ್ಲುತ್ತಿದ್ದರು. ಬೀದಿಯವರೆಲ್ಲ ಅವರನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಗಂಡನೂ ಹಾಗೆಯೇ ಕರೆಯುತ್ತಿದ್ದರು.

ಸೊಸೆ ಬಂದ ಮೇಲೆ ಮೇಜಿಗೆ ಇನ್ನೊಂದು ಪಾಲು ಹುಟ್ಟಿಕೊಂಡಿತು. ಅವಳದು ಕಂಪ್ಯೂಟರಿನಲ್ಲಿ ಆಟ ಆಡುವ ಕೆಲಸ ಎಂದು ಟೈಲರಮ್ಮ ಹೇಳುತ್ತಿದ್ದರು. ಅವಳು ಹೇಳುವುದು ಬೇರೆ. ಆಟ ಆಡುವವರು ಕೊಳ್ಳುವ ಸಾಮಾನುಗಳನ್ನು ಮೊದಲು ತಾನು ಬಳಸಿ ನೋಡಿ, ಚೆನ್ನಾಗಿದೆಯೋ ಇಲ್ಲವೋ ಎಂದು ಒಂದು ವೆಬ್‌ಸೈಟಿಗೆ ಬರೆದುಕೊಡುವುದು ತನ್ನ ಕೆಲಸ ಎನ್ನುತ್ತಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಈ ಸಲದ ಸಾಮಾನಿನ ಬಗ್ಗೆ ಬರೆದದ್ದು ಒಪ್ಪಿಗೆಯಾದರೆ ಕಾಯಂ ಮಾಡುತ್ತೇವೆ ಎಂದು ಆಫೀಸಿನ ಮೇಡಂ ಮಾತು ಕೊಟ್ಟಿದ್ದರು. ಆ ಮಾತನ್ನು ಸೊಸೆ ಮನೆಯಲ್ಲಿ ಎಲ್ಲರಿಗೂ ಹೇಳಿದ್ದಳು, ಗಂಡನಿಗೆ ಎರಡೆರಡು ಸಲ ಹೇಳಿದ್ದಳು.

ಪೆಟ್ಟಿಗೆ ಬಂದ ದಿನ ಮೇಜಿನ ಮೇಲೆಯೇ ಬಿಚ್ಚಿದಳು. ಒಳಗಿದ್ದದ್ದು ಒಂದು ಕೀಬೋರ್ಡು. ಕಪ್ಪಗೆ, ದಪ್ಪಗೆ, ಒಂದು ಮೊಳ ಉದ್ದವೂ ಇಲ್ಲದಷ್ಟು ಚಿಕ್ಕದು.

"ಇಷ್ಟೇನಾ?" ಎಂದರು ಮಾವ. ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು ಅವರು. ಯಾವುದನ್ನು ಕಂಡರೂ ಅದು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಲ್ಲೇ ಅಳೆಯುವ ಅಭ್ಯಾಸ ಇನ್ನೂ ಹೋಗಿರಲಿಲ್ಲ. "ಅರ್ಧ ಮುರ್ಕೊಂಡು ಕಳಿಸಿದ್ದಾರಲ್ಲಮ್ಮ. ಅಂಕಿ ಒತ್ತೋ ಭಾಗ ಎಲ್ಲಿ?"

"ಬೇಕಂತಲೇ ಬಿಟ್ಟಿದ್ದಾರೆ ಮಾವ. ಆಟ ಆಡೋರಿಗೆ ಪಕ್ಕದಲ್ಲಿ ಮೌಸ್ ಓಡಿಸೋಕೆ ಜಾಗ ಬೇಕು."

"ವೈರೂ ಕಾಣಲ್ಲ."

"ವೈರ್ ಇಲ್ಲದೇನೇ ನಡೆಯುತ್ತೆ."

"ಅದೂ ಇಲ್ಲ, ಇದೂ ಇಲ್ಲ. ರೇಟು ಮಾತ್ರ ಪೂರ್ತಿ ಇರುತ್ತೆ ಅನ್ನು."

ಟೈಲರಮ್ಮ ಬೆರಳು ಚಾಚಿ ಒಂದು ಗುಂಡಿ ಒತ್ತಿದರು. ಕಟಕ್ ಎಂದಿತು. ಬಿಟ್ಟಾಗ ಮತ್ತೊಮ್ಮೆ ಕಟಕ್ ಎಂದಿತು.

"ಇದು ಹೀಗೇ ಕೂಗುತ್ತಾ?"

"ಮೆಕ್ಯಾನಿಕಲ್ ಅಲ್ವಾ ಅತ್ತೆ. ಪ್ರತಿ ಗುಂಡಿ ಕೆಳಗೂ ಒಂದೊಂದು ಸ್ಪ್ರಿಂಗ್ ಇರುತ್ತೆ. ಒತ್ತಿದ್ದು ಕೈಗೆ ಗೊತ್ತಾಗ್ಲಿ ಅಂತ ಸದ್ದು."

"ಒತ್ತಿದೋರ ಕೈಗೆ ಗೊತ್ತಾದ್ರೆ ಸಾಕಿತ್ತು. ಬೀದಿಗೆಲ್ಲ ಯಾಕೆ ಗೊತ್ತಾಗ್ಬೇಕು?"

ಮಾವ ಅವತ್ತೇ ಅದಕ್ಕೆ ಕಟಕಟಿ ಎಂದು ಹೆಸರಿಟ್ಟರು.

ಅದು ಶಾಲೆಗಳು ಶುರುವಾಗುವ ಕಾಲ. ಟೈಲರಮ್ಮನ ಮನೆಯಲ್ಲಿ ಕುರ್ಚಿಯ ಮೇಲೂ ಮಂಚದ ಮೇಲೂ ನೀಲಿ ಚಡ್ಡಿ, ಬಿಳಿ ಅಂಗಿ. ಮೇಜಿನ ನಡುವೆ ಅವರೇ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದರು. ಕಿಟಕಿಯ ಕಡೆ ಬಟ್ಟೆಗೆ, ಗೋಡೆಯ ಕಡೆ ಕಂಪ್ಯೂಟರಿಗೆ. ಊಟದ ಹೊತ್ತಿಗೆ ಎರಡೂ ಖಾಲಿಯಾಗಬೇಕು. ಗೆರೆಯನ್ನು ಇಬ್ಬರೂ ಮರ್ಯಾದೆಯಿಂದ ಪಾಲಿಸಿದರು. ಆದರೆ ಸದ್ದಿಗೆ ಗೆರೆ ಎಳೆಯುವುದು ಹೇಗೆ? ಇವರು ಕತ್ತರಿ ಎತ್ತುತ್ತಿದ್ದ ಹಾಗೆ ಅತ್ತ ಸೊಸೆಯ ಆಟದಲ್ಲಿ ಯುದ್ಧ ಶುರುವಾಗುತ್ತಿತ್ತು. ಕಟಕಟ ಕಟಕಟ ಎಂದು ತಗಡಿನ ಮೇಲೆ ಕಾಳು ಸುರಿದಂತೆ. ಒಂದು ಮಧ್ಯಾಹ್ನ ಬೆಚ್ಚಿ ಕೈ ಜಾರಿ, ಕಾಲರಿನ ಬಟ್ಟೆ ಅಡ್ಡಡ್ಡ ಕತ್ತರಿಸಿಹೋಯಿತು.

"ನೋಡು, ಹೋಯ್ತು," ಎಂದರು ಟೈಲರಮ್ಮ, ತುಂಡನ್ನು ಎತ್ತಿ ಹಿಡಿದು. "ಈ ಅಂಗಿಗೆ ಈಗ ನಿನ್ನ ಕಟಕಟಿಯನ್ನೇ ಕಾಲರ್ ಮಾಡಿ ಹೊಲೀಲಾ?"

"ನಿಮ್ಮ ಮಿಷನ್ ಸದ್ದು ಮಾಡಲ್ವಾ ಅತ್ತೆ?"

"ಅದು ಹೊಲಿಯುತ್ತೆ. ಇದೇನು ಮಾಡುತ್ತೆ?"

ಸೊಸೆ ಪರದೆಯ ಕಡೆ ತಿರುಗಿದಳು. ಅವಳ ಬದಲು ಕಟಕಟಿಯೇ ಇನ್ನಷ್ಟು ಜೋರಾಗಿ ಉತ್ತರ ಕೊಟ್ಟಿತು.

ಮಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಇಡೀ ದಿನ ಜನರ ಕೆಮ್ಮು, ಹೊಟ್ಟೆನೋವು ಕೇಳಿಸಿಕೊಂಡು ಸಂಜೆ ಮನೆಗೆ ಬಂದರೆ, ಕೈಕಾಲು ತೊಳೆಯುವ ಮೊದಲೇ ಒಂದು ಕಡೆಯಿಂದ ಅಮ್ಮ, ಇನ್ನೊಂದು ಕಡೆಯಿಂದ ಹೆಂಡತಿ.

"ನಿನ್ನ ಹೆಂಡ್ತಿಗೆ ಹೇಳು, ಅದನ್ನ ರೂಮಿಗೆ ತಗೊಂಡು ಹೋಗ್ಲಿ."

"ನಿಮ್ಮ ಅಮ್ಮನಿಗೆ ಹೇಳಿ, ರೂಮಲ್ಲಿ ಮಂಚ ಬಿಟ್ಟರೆ ಕಾಲಿಡೋಕೆ ಜಾಗ ಇಲ್ಲ ಅಂತ."

"ಊಟಕ್ಕೇನಿದೆ?" ಎನ್ನುತ್ತಿದ್ದ ಅವನು. ಅದೊಂದು ಮಾತಿನಿಂದ ಇಬ್ಬರ ಸಿಟ್ಟೂ ಅವನ ಮೇಲೆ ತಿರುಗುತ್ತಿತ್ತು. ಅಷ್ಟರ ಮಟ್ಟಿಗೆ ಅವನು ಉಪಯೋಗಕ್ಕೆ ಬರುತ್ತಿದ್ದ.

ಟೈಲರಮ್ಮನಿಗೆ ವಾರಕ್ಕೊಮ್ಮೆ ಎಣ್ಣೆ ಹಾಕುವ ಪದ್ಧತಿ. ವಾರದ ಕೊನೆಯಲ್ಲಿ ಉದ್ದ ಮೂತಿಯ ಎಣ್ಣೆ ಡಬ್ಬಿ ಹಿಡಿದು ಮೊದಲು ಹೊಲಿಗೆ ಮಿಷನ್ನಿನ ತೂತುಗಳಿಗೆ, ಆಮೇಲೆ ಕತ್ತರಿಯ ಮೊಳೆಗೆ, ಬಾಗಿಲ ಕೀಲಿಗೆ, ಕಿಟಕಿಯ ಚಿಲಕಕ್ಕೆ, ಗಂಡನ ಕೊಡೆಗೆ. ಆ ಮನೆಯಲ್ಲಿ ಕಿರುಗುಟ್ಟುವ, ಕಟಗುಟ್ಟುವ ಯಾವುದಕ್ಕೂ ಎಣ್ಣೆ ತಪ್ಪಿದ್ದಿಲ್ಲ. ಆ ವಾರ ಸೊಸೆ ತರಕಾರಿ ತರಲು ಹೋಗಿದ್ದಳು. ಡಬ್ಬಿ ಹಿಡಿದು ಮೇಜಿನ ಪಕ್ಕ ಬಂದ ಟೈಲರಮ್ಮ ಕಟಕಟಿಯನ್ನು ನೋಡಿದರು. ಸ್ಪ್ರಿಂಗ್ ಇದೆ ಎಂದು ಅವಳೇ ಹೇಳಿದ್ದಾಳೆ. ಸ್ಪ್ರಿಂಗ್ ಇದ್ದ ಮೇಲೆ ಎಣ್ಣೆ ಬೇಡವೇ? ಡಬ್ಬಿಯ ಮೂತಿಯನ್ನು ಗುಂಡಿಗಳ ಸಂದಿಗೆ ತೂರಿಸಿ, ಸಾಲಾಗಿ, ಒಂದನ್ನೂ ಬಿಡದೆ ಹನಿ ಹನಿ ಬಿಟ್ಟರು. ಮೇಲೆ ಬಿದ್ದದ್ದನ್ನು ಚಿಂದಿ ಬಟ್ಟೆಯಲ್ಲಿ ಒರೆಸಿದರು. ಆಮೇಲೆ ಅಡುಗೆಮನೆಗೆ ಹೋಗಿ ಬೇಳೆ ಒಲೆಗಿಟ್ಟರು. ಬಾಗಿಲಿಗೆ ಎಣ್ಣೆ ಹಾಕಿದ್ದನ್ನು ಯಾರಿಗೂ ಹೇಳುವುದಿಲ್ಲ ತಾನೆ, ಇದನ್ನೂ ಹೇಳಲಿಲ್ಲ.

ಕಟಕಟಿಯ ಬಾಯಿ ಕಟ್ಟಿತು. ಒಂದೆರಡು ದಿನದಲ್ಲಿ ಕಟಕ್ ಎನ್ನುವುದು ಹೋಗಿ ಪುಸುಕ್ ಎನ್ನತೊಡಗಿತು. ಸೊಸೆ ಒಂದೊಂದೇ ಗುಂಡಿ ಒತ್ತಿ, ಕಿವಿ ಬಗ್ಗಿಸಿ ಕೇಳಿದಳು.

"ಅತ್ತೆ, ಈಗ ಸದ್ದು ಕಮ್ಮಿಯಾಗಿದೆ ಅಲ್ವಾ?"

"ಆಗದೆ ಏನು," ಎಂದರು ಟೈಲರಮ್ಮ, ಸೂಜಿಗೆ ದಾರ ಪೋಣಿಸುತ್ತ. ಸೊಸೆ ತಮ್ಮ ಉಪಕಾರ ನೆನೆಯುತ್ತಿದ್ದಾಳೆ ಎಂದೇ ಅವರು ತಿಳಿದರು.

ಮನೆಯಲ್ಲಿ ಶಾಂತಿ ನೆಲೆಸಿತು. ಅಂಗಿಗಳು ಹೊತ್ತಿಗೆ ಸರಿಯಾಗಿ ಹೋದವು. ಸೊಸೆ ಬರೆದದ್ದನ್ನು ಕಳಿಸಿದ ಮಾರನೆಯ ದಿನವೇ ಮೇಡಂ ಫೋನು ಬಂತು. ಕಟಕಟಿ ಮಾಡುವ ಕಂಪನಿಯವರು ಓದಿ ಕುಣಿದಾಡುತ್ತಿದ್ದಾರಂತೆ. "ಬಳಸಿದಷ್ಟೂ ಮೆತ್ತಗಾಗುತ್ತದೆ" ಎಂದು ಅವಳು ಬರೆದಿದ್ದ ಮಾತನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸುತ್ತಾರಂತೆ. ಕಾಯಂ ಪತ್ರ ಇನ್ನೇನು ಬಂದ ಹಾಗೆಯೇ. ಮಗ ಅಂಗಡಿಯಿಂದ ಬರುತ್ತ ಕೇಕ್ ತಂದ. ಟೈಲರಮ್ಮ ಎರಡು ತುಂಡು ತಿಂದು, ಸಿಹಿ ಜಾಸ್ತಿ ಎಂದರು.

ಕೇಕ್ ಮುಗಿದು ನಾಲ್ಕು ದಿನವಾಗಿರಲಿಲ್ಲ. ಆಟದಲ್ಲಿ ಸೊಸೆಯ ಆಳು ಅವಳ ಮಾತು ಕೇಳದೆ ಬಲಕ್ಕೆ ನಡೆಯುತ್ತಲೇ ಹೋಗಿ ಹಳ್ಳಕ್ಕೆ ಬಿದ್ದ. ಇನ್ನೊಮ್ಮೆ ಆಡಿದಾಗಲೂ ಬಿದ್ದ. ಒತ್ತಿದ ಗುಂಡಿ ಮೇಲೇಳುತ್ತಿರಲಿಲ್ಲ. ಸೊಸೆ ಚಿಮಟದಂಥ ಸಾಧನದಿಂದ ಗುಂಡಿಯ ಟೋಪಿ ಕಿತ್ತಳು. ಕೆಳಗೆ ಹಳದಿ ಜಿಡ್ಡು. ಜಿಡ್ಡಿನ ತುಂಬ ನೀಲಿ, ಬಿಳಿ ನೂಲಿನ ಎಳೆಗಳು. ಪಕ್ಕದ್ದನ್ನು ಕಿತ್ತಳು. ಅಲ್ಲೂ ಅದೇ.

ಮಧ್ಯಾಹ್ನದ ಊಟಕ್ಕೆ ಎಲ್ಲರೂ ಕೂತಿದ್ದರು. ಮಗನಿಗೂ ಅಂದು ರಜೆ. ಸೊಸೆ ತಟ್ಟೆಯ ಪಕ್ಕದಲ್ಲಿ ಆ ಟೋಪಿ ಇಟ್ಟಳು.

"ಕೀಬೋರ್ಡ್ ಮೇಲೆ ಯಾರಾದ್ರೂ ಏನಾದ್ರೂ ಚೆಲ್ಲಿದ್ರಾ?"

"ಚೆಲ್ಲೋದ್ಯಾಕೆ, ನಾನೇ ಹಾಕಿದ್ದು," ಎಂದರು ಟೈಲರಮ್ಮ. "ಅನ್ನ ಹಾಕ್ಲಾ?"

"ಏನು ಹಾಕಿದ್ರಿ?"

"ಎಣ್ಣೆ. ಮಿಷನ್ನಿಗೆ ಹಾಕೋದು. ಒಳ್ಳೇ ಎಣ್ಣೆ ಕಣೆ, ಕಲಬೆರಕೆ ಅಲ್ಲ. ನೀನೇ ಕೇಳಿದ್ಯಲ್ಲ, ಸದ್ದು ಕಮ್ಮಿಯಾಯ್ತು ಅಲ್ವಾ ಅಂತ."

ಸೊಸೆ ಎರಡೂ ಕೈಯಲ್ಲಿ ಹಣೆ ಹಿಡಿದುಕೊಂಡಳು. ಮಾವ ಅನ್ನದ ಪಾತ್ರೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಅದು ತಾನಾಗೇ ಮೆತ್ತಗಾಯ್ತು ಅಂತ ಬರೆದು ಕಳಿಸಿದ್ದೀನಿ ಅತ್ತೆ. ನನ್ನ ಮಾತು ನಂಬ್ಕೊಂಡು ಜನ ತಗೋತಾರೆ."

"ಚೆನ್ನಾಗಿದೆ ಅಂತ ತಾನೇ ಬರೆದಿರೋದು. ಯಾರನ್ನೂ ಬೈದಿಲ್ಲವಲ್ಲ."

ಮಗ ಬಾಯಿ ಹಾಕಿದ. "ಈಗ ಯಾರಿಗೆ ಗೊತ್ತಾಗುತ್ತೆ ಬಿಡು. ಕಾಯಂ ಪತ್ರ ಬರ್ಲಿ. ಸುಮ್ಮನೆ ಯಾಕೆ ಕೆದಕ್ತೀಯ?"

"ನಿಮ್ಮ ಅಂಗಡೀಲಿ ತಲೆನೋವಿನ ಮಾತ್ರೆ ಕೇಳಿದೋರಿಗೆ ಬೇರೆ ಏನಾದ್ರೂ ಕೊಟ್ಟು, ಗೊತ್ತಾಗಲ್ಲ ಬಿಡು ಅಂತ ಸುಮ್ಮನಿರ್ತೀರಾ?"

"ಅದು ಔಷಧಿ. ಇದು ಆಟದ ಸಾಮಾನು."

"ನೀವೂ ಆಟ ಅಂದ್ರಾ," ಎಂದಳು ಸೊಸೆ. "ಸರಿ. ಇವತ್ತೇ ಮೇಡಂಗೆ ಬರೀತೀನಿ. ಮನೆಯವರೊಬ್ಬರು ಎಣ್ಣೆ ಹಾಕಿದ್ರು, ನಾನು ಬರೆದದ್ದು ತಪ್ಪು ಅಂತ."

ಈಗ ಟೈಲರಮ್ಮನಿಗೆ ಬಿಸಿ ತಟ್ಟಿತು. "ಮನೆಯವರು ಅಂದ್ರೆ ಯಾರು? ನಿಮ್ಮ ಮಾವನಾ? ಅವರಿಗೆ ಡಬ್ಬಿ ಯಾವ ಕಡೆಯಿಂದ ಹಿಡೀಬೇಕು ಅಂತ ಗೊತ್ತಿಲ್ಲ. ಓದಿದೋರೆಲ್ಲ ನನ್ನೇ ಅಂದ್ಕೋತಾರೆ. ಇಷ್ಟು ವರ್ಷ ಬೇರೆಯವರ ಬಟ್ಟೆ ಹೊಲಿದು ಒಂದು ದೂರು ಹೊತ್ತೋಳಲ್ಲ ನಾನು. ನಿನ್ನ ಕಟಕಟಿಗೋಸ್ಕರ ನನ್ನ ಮಾನ ತೆಗೀತೀಯಾ?"

"ನೀವು ಹೊಲಿದ ಅಂಗಿ ಕಂಕುಳಲ್ಲಿ ಬಿಚ್ಚಿದ್ರೆ ವಾಪಸ್ ತಗೊಂಡು ಹೊಲಿದುಕೊಡ್ತೀರಲ್ಲ. ಇದೂ ಅಷ್ಟೇ ಅತ್ತೆ. ಬಿಚ್ಚಿದೆ. ಹೊಲೀಬೇಕು."

"ಅದಕ್ಕೂ ಇದಕ್ಕೂ ಏನೇ ಸಂಬಂಧ?" ಎಂದು ಟೈಲರಮ್ಮ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಿಂತೇ ಉಂಡರು.

ಸೊಸೆ ಬರೆದು ಕಳಿಸಿಯೇ ಕಳಿಸಿದಳು. ಅಲ್ಲಿಂದ ಆ ವಾರ ಪೂರ್ತಿ ಅತ್ತೆ ಸೊಸೆಗೆ ಮಾತಿಲ್ಲ. ಮಾವ ಅಡುಗೆಮನೆಗೂ ಹಜಾರಕ್ಕೂ ಹಳೆಯ ಬಸ್ಸಿನಲ್ಲಿ ಓಡಾಡಿದ ಹಾಗೆ ಹಿಂದೆ ಮುಂದೆ ಓಡಾಡಿದರು.

"ಉಪ್ಪು ಕಮ್ಮಿ ಅಂತೆ ಕಣೇ."

"ಹಾಕ್ಕೊಳ್ಳೋಕೆ ಹೇಳಿ. ಎಣ್ಣೆ ಅಂತೂ ಹಾಕಲ್ಲ ನಾನು."

"ಎಣ್ಣೆ ಅಂತೂ ಹಾಕಲ್ಲವಂತೆ ಕಣಮ್ಮ."

"ಕೇಳಿಸ್ತು ಮಾವ."

ಮೇಡಂ ಫೋನು ಬಂದಾಗ ಸೊಸೆಯ ಕೈ ಹಿಟ್ಟಾಗಿತ್ತು. ಫೋನನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹಾಕಿದಳು. ಹಾಕಬಾರದಿತ್ತು. ಮೇಡಂ ಒಂದೇ ಉಸಿರಿಗೆ ಬೈದರು. ಕಂಪನಿಯವರು ಪೆಟ್ಟಿಗೆ ಅಚ್ಚಿಗೆ ಕೊಟ್ಟಾಗಿದೆ, ಅದನ್ನು ನಿಲ್ಲಿಸಲು ತಾನು ಯಾರ ಯಾರ ಕಾಲು ಹಿಡಿಯಬೇಕಾಯಿತು ಗೊತ್ತೇ, ಪರೀಕ್ಷೆಗೆ ಕೊಟ್ಟ ಸಾಮಾನನ್ನು ಮನೆಯವರ ಕೈಗೆ ಬಿಡುವವರನ್ನು ಕಾಯಂ ಮಾಡುವುದು ಹೇಗೆ. ಕೊನೆಗೆ ಉಸಿರು ತೆಗೆದುಕೊಂಡು ಹೇಳಿದರು: "ಇನ್ನೊಂದು ಹೊಸದು ಕಳಿಸ್ತೀನಿ. ಮೂರು ವಾರ. ಒಂದು ದಿನಾನೂ ಬಿಡದೆ ಬಳಸಿ ಮತ್ತೆ ಬರೀರಿ. ಎಣ್ಣೆ, ನೀರು, ಟೀ ಏನೂ ಬೀಳಕೂಡದು. ಇದೇ ಕೊನೆ. ಇದು ಸರಿ ಬರ್ಲಿಲ್ಲ ಅಂದ್ರೆ ನಿಮ್ಮ ದಾರಿ ನಿಮಗೆ."

ಫೋನು ಕಟ್ಟಾಯಿತು. ಟೈಲರಮ್ಮ ಕಾಜ ಹೊಲಿಯುತ್ತಿದ್ದವರು ತಲೆ ಎತ್ತಲಿಲ್ಲ. "ಎಷ್ಟು ಬಾಯಿ ಆ ಹೆಂಗಸಿಗೆ," ಎಂದರು. "ನಮ್ಮ ಮನೆ ಹುಡುಗೀನ ಅನ್ನೋಕೆ ಅವಳ್ಯಾರು?"

ಮಾತು ಯಾರಿಗೆ ಎಂದು ಹೇಳಲಿಲ್ಲ. ಸೊಸೆ ಕೈ ತೊಳೆಯಲು ಎದ್ದು ಹೋದಳು.

ಹೊಸ ಕಟಕಟಿ ಬಂತು. ಹಳೆಯದಕ್ಕಿಂತ ಒಂದು ಪಾಲು ಜಾಸ್ತಿಯೇ ಕೂಗಿತು. ಟೈಲರಮ್ಮ ಎಣ್ಣೆ ಡಬ್ಬಿಯನ್ನು ಬೀರುವಿನ ತಲೆಯ ಮೇಲೆ, ತಮ್ಮ ಕೈಗೆಟುಕದ ಕಡೆ ಇಡಿಸಿದರು. ಕಿವಿಗೆ ಹತ್ತಿ ತುರುಕಿಕೊಂಡರು. ಬಾಗಿಲು ಬಡಿದದ್ದೂ ಕೇಳಿಸದೆ, ಬಂದವರು ಹಿಂದಕ್ಕೆ ಹೋದರು. ಹತ್ತಿ ಕಿತ್ತು ಬಿಸಾಡಿದರು. ಮಿಷನ್ನನ್ನು ಹಿತ್ತಲ ಬಾಗಿಲಿಗೆ ಎಳೆದುಕೊಂಡರು. ಅಲ್ಲಿ ಬೆಳಕು ಸಾಲದೆ ಮತ್ತೆ ಒಳಕ್ಕೆ ಎಳೆದುಕೊಂಡು ಬಂದರು.

"ಸದ್ದು ಹೇಗಿದೆ ಅತ್ತೆ ಇವತ್ತು?" ಎಂದು ಸೊಸೆ ದಿನವೂ ಕೇಳುತ್ತಿದ್ದಳು. ಪಕ್ಕದಲ್ಲಿದ್ದವರಿಗೆ ಹೇಗೆ ಕೇಳಿಸುತ್ತದೆ ಎಂದು ಬರೆಯಬೇಕಿತ್ತು.

"ನಿನ್ನೆ ಹೇಗಿತ್ತೋ ಹಾಗೇ ಇದೆ. ನಾಳೇನೂ ಹಾಗೇ ಇರುತ್ತೆ. ಒಂದೇ ಸಲ ಬರ್ಕೊಂಡು ಬಿಡು."

ಮೂರನೆಯ ವಾರದಲ್ಲಿ ಸೊಸೆಗೆ ಜ್ವರ ಬಂತು. ಬೆಳಿಗ್ಗೆ ಎದ್ದು ಮೇಜಿನ ತನಕ ನಡೆದವಳು ಕುರ್ಚಿ ಹಿಡಿದು ನಿಂತಳು. ಮಗ ಮಾತ್ರೆ ನುಂಗಿಸಿ ಮಲಗಿಸಿ, ಅಂಗಡಿಗೆ ಹೋದ. ಟೈಲರಮ್ಮ ಗಂಜಿ ಕಾಯಿಸಿ ಕೊಟ್ಟರು. ಮಧ್ಯಾಹ್ನವಾಯಿತು. ಹೊಲಿಯಲು ಕೂತರೆ ಮನೆಯಲ್ಲಿ ಸದ್ದಿಲ್ಲ. ಎಷ್ಟು ದಿನದಿಂದ ಬೇಡಿಕೊಂಡಿದ್ದ ನಿಶ್ಶಬ್ದ ಅದು. ಎರಡು ಹೊಲಿಗೆ ಹಾಕಿದರು, ದಾರ ಹರಿಯಿತು. ಇನ್ನೆರಡು ಹಾಕಿದರು, ಮತ್ತೆ ಹರಿಯಿತು.

"ರೀ," ಎಂದರು. "ಒಂದು ದಿನಾನೂ ಬಿಡಬಾರದು ಅಂದಿದ್ಲಲ್ಲ ಆ ಹೆಂಗಸು?"

"ಅಂದಿದ್ಲು."

"ಇವತ್ತು ಬಿಟ್ಟ ಹಾಗಾಯ್ತಲ್ಲ?"

ಮಾವ ಪತ್ರಿಕೆ ಮಡಚಿದರು. "ನನ್ನ ನೋಡ್ಬೇಡ. ನನಗೆ ಟಿಕೆಟ್ ಮಿಷನ್ ಬಿಟ್ಟು ಬೇರೆ ಒತ್ತಿ ಗೊತ್ತಿಲ್ಲ. ಬೇಕಾದ್ರೆ ಅದನ್ನ ಚಾಲೂ ಮಾಡಿಕೊಡ್ತೀನಿ. ಅವಳು ದಿನಾ ಮಾಡೋದು ನೋಡಿದ್ದೀನಿ."

ಚಾಲೂ ಮಾಡಿಕೊಟ್ಟರು. ಟೈಲರಮ್ಮ ಸೀರೆಯ ಸೆರಗಿನಲ್ಲಿ ಎರಡು ಸಲ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ಕಟಕಟಿಯ ಮುಂದೆ ಕೂತರು. ಒತ್ತಿದರು. ಪರದೆಯ ಮೇಲೆ ಕತ್ತಿ ಹಿಡಿದ ಆಳು ಮುಂದಕ್ಕೆ ನಡೆದ. ಇನ್ನೂ ಒತ್ತಿದರು.

ರೂಮಿನಲ್ಲಿ ಸೊಸೆಗೆ ಎಚ್ಚರವಾಯಿತು. ಕಟಕ್. ಕಟಕ್. ಕಟಕ್. ಬೀಸುವ ಕಲ್ಲು ತಿರುಗಿಸುವವರ ಹಾಗೆ ಒಂದೇ ಲಯದಲ್ಲಿ. ಹೊದಿಕೆ ಸುತ್ತಿಕೊಂಡು ಬಾಗಿಲಿಗೆ ಬಂದಳು.

"ಅತ್ತೆ, ಏನ್ ಮಾಡ್ತಿದ್ದೀರಿ?"

"ಎದ್ದು ಬಂದ್ಯಾ? ನಿನ್ನ ಆಳು ಆಗಿಂದ ಗೋಡೆಗೆ ತಲೆ ಚಚ್ಕೋತಾ ಇದ್ದಾನೆ. ಎಡಕ್ಕೆ ತಿರುಗಿಸೋ ಗುಂಡಿ ಯಾವುದು?"

"ಒತ್ತಿದ್ದರ ಪಕ್ಕದ್ದು. ಅಲ್ಲ, ಇನ್ನೊಂದು ಪಕ್ಕದ್ದು."

"ಅಕ್ಷರ ಎಲ್ಲೇ ಕಾಣುತ್ತೆ ಇದರಲ್ಲಿ? ಕಪ್ಪಿನ ಮೇಲೆ ಬೂದಿ ಬಳಿದಿದ್ದಾರೆ." ಒತ್ತಿದರು. ಆಳು ತಿರುಗಿದ. ತಿರುಗಿ ಹಳ್ಳಕ್ಕೆ ಬಿದ್ದ. "ಇವನಿಗೆ ಕಣ್ಣಿಲ್ವಾ?"

"ಹಾರಿಸಬೇಕು ಅತ್ತೆ. ಉದ್ದದ ಗುಂಡಿ."

"ಮೊದಲೇ ಹೇಳಬಾರದಾ? ಹೋಗಿ ಮಲಕ್ಕೋ. ನಿಂತ್ಕೊಂಡು ಜ್ವರ ಏರಿಸ್ಕೋಬೇಡ."

ಸೊಸೆ ಮಲಗಲು ಹೋಗಲಿಲ್ಲ. ಹಜಾರದ ಮಂಚದ ಮೇಲಿನ ಅಂಗಿಗಳನ್ನು ಸರಿಸಿ ಅಲ್ಲಿಯೇ ಒರಗಿದಳು. ಸಂಜೆ ಮಗ ಬಂದಾಗ ಟೈಲರಮ್ಮ ಇನ್ನೂ ಒತ್ತುತ್ತಿದ್ದರು. ಮಾವ ಪಕ್ಕದಲ್ಲಿ ನಿಂತು, ಹಳ್ಳ ಬಂದಾಗಲೆಲ್ಲ "ಹಾರು, ಹಾರು," ಎನ್ನುತ್ತಿದ್ದರು. ಊಟಕ್ಕೆ ಏನೂ ಆಗಿರಲಿಲ್ಲ. ಮಗನೇ ಮೊಟ್ಟೆ ಬೇಯಿಸಿದ.

ಬರೆದದ್ದನ್ನು ಕಳಿಸುವ ದಿನ ಟೈಲರಮ್ಮ ಹೊಲಿಗೆ ಬಿಟ್ಟು ಮೇಜಿಗೆ ಬಂದರು. "ಈ ಸಲ ಓದಿ ಹೇಳಿ, ಆಮೇಲೆ ಕಳಿಸು."

ಸೊಸೆ ಓದಿದಳು. ಕೈಗೆ ಹಗುರ. ವೈರಿಲ್ಲದಿದ್ದರೂ ಒತ್ತಿದ್ದು ತಡವಿಲ್ಲದೆ ಪರದೆಗೆ ಮುಟ್ಟುತ್ತದೆ. ಸದ್ದು ಮೊದಲ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ. ನನಗೆ ಜ್ವರ ಬಂದ ಒಂದು ದಿನ ನನ್ನ ಅತ್ತೆ ಇದನ್ನು ಬಳಸಿದ್ದಾರೆ.

"ಮತ್ತೆ ನನ್ನ ಎಳೆದು ತಂದ್ಯಾ?"

"ಬಚ್ಚಿಡಲ್ಲ ಅತ್ತೆ. ಇದಕ್ಕೂ ಮೇಡಂ ಬೈದ್ರೆ ಬೈಯ್ಲಿ. ಕೆಲಸ ಹೋದ್ರೂ ಹೋಗ್ಲಿ."

ಟೈಲರಮ್ಮ ಕುರ್ಚಿ ಎಳೆದು ಕೂತರು. "ಬಳಸಿದ್ದಾರೆ ಅಂತ ಬರೆದು ಬಿಟ್ಟುಬಿಟ್ರೆ ಹೇಗೆ? ಬಳಸಿದೋಳು ಏನಂದ್ಲು ಅಂತ ಯಾರು ಬರೀತಾರೆ? ಬರಿ. ಕನ್ನಡಕ ಹಾಕ್ಕೊಂಡ್ರೂ ಅಕ್ಷರ ಕಾಣಲ್ಲ. ಬರ್ಕೊಂಡ್ಯಾ? ಚಾರ್ಜ್ ಮುಗಿಯೋದನ್ನ ಹೇಳದೆ ಕೇಳದೆ ಸಾಯುತ್ತೆ. ಅದೂ ಬರಿ. ಇನ್ನು, ಪಕ್ಕದಲ್ಲಿ ಕೂತು ಬೇರೆ ಕೆಲಸ ಮಾಡೋರಿಗೆ ತಲೆ ಚಿಟ್ಟು ಹಿಡಿಯುತ್ತೆ."

ಸೊಸೆ ಬರೆದುಕೊಂಡಳು.

ಮೇಡಂ ಫೋನು ಬರಲು ಮೂರು ದಿನ ಹಿಡಿಯಿತು. ಈ ಸಲ ಸೊಸೆ ಫೋನನ್ನು ಕಿವಿಗೇ ಹಿಡಿದು, ಹೂಂ, ಹೂಂ ಎನ್ನುತ್ತ ಹಿತ್ತಲಿಗೆ ಹೋದಳು. ಮಿಷನ್ ನಿಲ್ಲಿಸಿ ಟೈಲರಮ್ಮ ಕಾದರು. ಮಾವ ಕೊಡೆ ಹಿಡಿದು ಹೊರಟವರು ಬಾಗಿಲಲ್ಲೇ ನಿಂತರು. ಸೊಸೆ ಒಳಗೆ ಬಂದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಕಾಯಂ ಅಂತೆ. ಪೆಟ್ಟಿಗೆ ಮೇಲೆ ಹಾಕೋ ಅಂಥ ಮಾತು ಒಂದೂ ಇಲ್ಲ ಅಂತ ಗೊಣಗಿದ್ರು. ಆದ್ರೆ ಇದನ್ನ ಓದಿದೋರು ನಂಬ್ತಾರೆ ಅಂದ್ರು."

"ನಂಬದೆ ಏನು," ಎಂದರು ಟೈಲರಮ್ಮ. "ನಾನು ಹೇಳಿದ್ದು ಇಟ್ಕೊಂಡ್ರಾ?"

"ಅಕ್ಷರ ಕಾಣಲ್ಲ ಅನ್ನೋದು ಇದೆ. ಚಾರ್ಜಿನ ಮಾತೂ ಇದೆ. ತಲೆ ಚಿಟ್ಟು ಹಿಡಿಯುತ್ತೆ ಅನ್ನೋದನ್ನ ತೆಗೆದು, ಸದ್ದು ತುಸು ಜಾಸ್ತಿ ಅಂತ ಮಾಡಿದ್ದಾರೆ."

"ತುಸುವಾ?"

"ಹೂಂ."

ಟೈಲರಮ್ಮ ಬಾಯಲ್ಲಿ ಕಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಮೇಜಿನ ಮೇಲಿಟ್ಟು, ಸೊಸೆಯ ಕಡೆ ಕೈ ಚಾಚಿದರು.

"ಫೋನ್ ಕೊಡು ಇಲ್ಲಿ."